ಗೂಡಿನ ಹರಾಜು, ಯೆಜ್ಡಿಯ ಬೆಲೆ

ನಮ್ಮೂರು ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ರೇಟು ಕೂಗುವ ಗದ್ದಲ ಹೋಗಿ ಮೊಬೈಲು ಬಂದಿದೆ. ಆದರೆ ಬಿಡ್ ಹಾಕುವುದಕ್ಕೆ ಮುಂಚೆ ರೀಲರುಗಳು ಮಾಡುವ ಕೆಲಸ ಮಾತ್ರ ಬದಲಾಗಿಲ್ಲ. ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿ ತಳದ ಗೂಡು ತೆಗೆದು ನೋಡ್ತಾರೆ. ಬೆರಳಲ್ಲಿ ಅದುಮಿ, ಕಿವಿ ಹತ್ತಿರ ಅಲ್ಲಾಡಿಸಿ, ಕಲೆ ಇದೆಯಾ, ಜೋಡಿ ಗೂಡು ಎಷ್ಟಿದೆ ಅಂತ ಲೆಕ್ಕ ಹಾಕ್ತಾರೆ. ಮಿಶ್ರತಳಿಗೊಂದು ರೇಟು, ಬೈವೋಲ್ಟೀನ್‌ಗೊಂದು ರೇಟು. ಅದರೊಳಗೆ ಮತ್ತೆ ಒಂದೊಂದು ಲಾಟಿಗೂ ಒಂದೊಂದು ರೇಟು. ಮೇಲೆ ಚೆನ್ನಾಗಿ ಕಾಣುವ ಲಾಟು ಒಳಗೆ ಕೈ ಹಾಕಿದಾಗ ಬೇರೆ ಕಥೆ ಹೇಳಬಹುದು.

ಹಳೇ ಮೋಟಾರ್‌ಸೈಕಲ್ ಸಂಗ್ರಹಿಸುವವರು ಬೆಲೆ ಕಟ್ಟುವುದೂ ಹೆಚ್ಚುಕಮ್ಮಿ ಹೀಗೇ. ತಳಿ ಯಾವುದು, ಎಷ್ಟು ಅಪರೂಪ, ಸ್ಥಿತಿ ಹೇಗಿದೆ, ಒಳಗೆ ಕೈ ಹಾಕಿದರೆ ಏನು ಸಿಗುತ್ತೆ. ನಮ್ಮನೆಯಲ್ಲಿ ಒಂದು ಹಳೇ ಗಾಡಿ ಇರೋದರಿಂದ ನಾನು ಇದರ ಇತಿಹಾಸ ಹುಡುಕಿಕೊಂಡು ಹೋಗಬೇಕಾಯ್ತು. ಹುಡುಕ್ತಾ ಹೋದ ಹಾಗೆ ಗೊತ್ತಾಗಿದ್ದು ಏನಂದ್ರೆ, ಹೊರದೇಶಗಳಲ್ಲಿ ಒಂದು ಬೈಕು ಅಪರೂಪ ಆಗೋದಕ್ಕೂ ನಮ್ಮಲ್ಲಿ ಅಪರೂಪ ಆಗೋದಕ್ಕೂ ಕಾರಣಗಳೇ ಬೇರೆ. ಬೆಲೆ ಕಟ್ಟುವ ಅಳತೆಗೋಲನ್ನು ಮಾತ್ರ ನಾವು ಹಾಗೇ ಅಲ್ಲಿಂದ ಎತ್ತಿಕೊಂಡು ಬಂದಿದ್ದೇವೆ.

ಮೊದಲು ಹೊರಗಿನದನ್ನ ನೋಡೋಣ. ವಿನ್ಸೆಂಟ್ ಬ್ಲಾಕ್ ಲೈಟ್ನಿಂಗ್ ಅಂತ ಇಂಗ್ಲೆಂಡಿನ ರೇಸ್ ಬೈಕು. ಒಟ್ಟು ತಯಾರಾಗಿದ್ದೇ ಮೂವತ್ತು ಚಿಲ್ಲರೆ. ಅದರಲ್ಲಿ 1951ರದ್ದೊಂದು ಆಸ್ಟ್ರೇಲಿಯಾಗೆ ಹೋಗಿ, ಜಾಕ್ ಎಹ್ರೆಟ್ ಅನ್ನೋ ಸವಾರ 1953ರಲ್ಲಿ ಅದರ ಮೇಲೆ ಗಂಟೆಗೆ 141.5 ಮೈಲಿ ಓಡಿಸಿ ಅಲ್ಲಿನ ದಾಖಲೆ ಮಾಡಿದ. ಅದೇ ಗಾಡಿ 2018ರ ಜನವರಿಯಲ್ಲಿ ಲಾಸ್ ವೇಗಸ್‌ನ ಬಾನಮ್ಸ್ ಹರಾಜಿನಲ್ಲಿ 9,29,000 ಡಾಲರಿಗೆ ಹೋಯ್ತು. ಇದೇನೋ ಅರ್ಥ ಆಗುತ್ತೆ: ವೇಗ ಇದೆ, ಕಡಿಮೆ ಸಂಖ್ಯೆ ಇದೆ, ಹೆಸರಿನ ಹಿಂದೆ ಒಂದು ಕಥೆಯೂ ಇದೆ. ಆದರೆ 2016ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಮಾರಾಟವಾದ ಬ್ರೋ ಸುಪೀರಿಯರ್ ನೋಡಿ. ಕಾರ್ನ್‌ವಾಲ್‌ನ ಕೊಟ್ಟಿಗೆಗಳಲ್ಲಿ ಎಷ್ಟೋ ದಶಕ ತುಕ್ಕು ಹಿಡಿದು, ಬಿಚ್ಚಿ ಬಿದ್ದಿದ್ದ ಎಂಟು ಬ್ರೋಗಳು ಒಟ್ಟಿಗೆ ಹರಾಜಿಗೆ ಬಂದವು. ಅದರಲ್ಲಿ ಬಿಎಸ್4 ಅನ್ನೋ ನಾಲ್ಕು ಸಿಲಿಂಡರಿನ ಮಾದರಿ, ಕಂಪನಿ ಮಾಡಿದ್ದೇ ಹತ್ತು. ಫೋಟೋ ನೋಡಿದರೆ ನಮ್ಮೂರಿನ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗುವಂಥ ಸ್ಥಿತಿ. ಹೋಗಿದ್ದು 3,31,900 ಪೌಂಡಿಗೆ!

ಅಂದರೆ ಸ್ಥಿತಿ ಅಂದ್ರೆ ಹೊಳಪು ಅಂತ ತಿಳಿದುಕೊಂಡರೆ ಲೆಕ್ಕ ತಪ್ಪುತ್ತೆ. ವಿಮಾ ಕಂಪನಿ ಹ್ಯಾಗರ್ಟಿಯವರು ಹಳೇ ವಾಹನಗಳನ್ನ ಒಂದರಿಂದ ನಾಲ್ಕರವರೆಗೆ ದರ್ಜೆ ಮಾಡ್ತಾರೆ. ಒಂದು ಅಂದ್ರೆ ಪ್ರದರ್ಶನದಲ್ಲಿ ಗೆಲ್ಲೋದು, ನಾಲ್ಕು ಅಂದ್ರೆ ಏನೋ ಓಡುತ್ತೆ, ಕುಂದುಕೊರತೆ ಕಣ್ಣಿಗೆ ಕಾಣುತ್ತೆ. ಸಂಗ್ರಹಕಾರರ ಬಾಯಲ್ಲಿ ಇನ್ನೊಂದು ದರ್ಜೆ ಇದೆ: ಯಾರೂ ಕೈ ಹಾಕದೆ ಉಳಿದಿದ್ದು. ಫ್ಯಾಕ್ಟರಿಯ ಬಣ್ಣ ಮಾಸಿದ್ದರೂ ಫ್ಯಾಕ್ಟರಿಯದ್ದೇ ಬಣ್ಣ, ಫ್ಯಾಕ್ಟರಿಯದ್ದೇ ನಟ್ಟು ಬೋಲ್ಟು. ಗಾಡಿಯನ್ನ ಎಷ್ಟು ಸಲ ಬೇಕಾದ್ರೂ ಹೊಸದಾಗಿ ಮಾಡಬಹುದು. ಕೈ ಹಾಕದೆ ಉಳಿಯೋ ಅವಕಾಶ ಅದಕ್ಕೆ ಸಿಗೋದು ಒಂದೇ ಸಲ.

ಅಪರೂಪ ಹುಟ್ಟುವ ಬಗೆ ಇನ್ನೂ ತಮಾಷೆಯದ್ದು. 1969ರಲ್ಲಿ ಹೋಂಡಾ ಸಿಬಿ750 ಬಿಟ್ಟಾಗ ಇಷ್ಟು ದೊಡ್ಡ ಬೈಕನ್ನು ಯಾರು ಕೊಳ್ತಾರೋ ಅನ್ನೋ ಅನುಮಾನ ಕಂಪನಿಗೇ ಇತ್ತು. ಹಾಗಾಗಿ ಎಂಜಿನ್ ಕೇಸಿಗೆ ದುಬಾರಿ ಅಚ್ಚು ಮಾಡಿಸದೆ, ಅಗ್ಗದ ವಿಧಾನದಲ್ಲಿ ಎರಕ ಹೊಯ್ದರು. ಮೊದಲ 7,414 ಗಾಡಿಗಳ ಕೇಸು ಒರಟು ಒರಟಾಗಿದೆ. ಆಮೇಲೆ ಬೇಡಿಕೆ ಮುಗಿಬಿದ್ದಿದ್ದು ನೋಡಿ ಅಚ್ಚು ಬದಲಾಯಿಸಿದರು. ಇವತ್ತು ಸಂಗ್ರಹಕಾರರು ಹುಡುಕೋದು ಆ ಒರಟು ಕೇಸಿನದ್ದನ್ನೇ! ಕಂಪನಿಯ ಅನುಮಾನಕ್ಕೆ ಐವತ್ತು ವರ್ಷ ಆದಮೇಲೆ ಬೆಲೆ ಬಂತು.

ಈಗ ನಮ್ಮ ಕಡೆಗೆ ಬರೋಣ. ವಿನ್ಸೆಂಟು, ಹೋಂಡಾ ಇಲ್ಲಿಗೆ ಬರುವ ದಾರಿಯೇ ಇರಲಿಲ್ಲ. ಲೈಸೆನ್ಸ್ ರಾಜ್ಯದಲ್ಲಿ ಯಾರು, ಎಷ್ಟು, ಯಾವ ಗಾಡಿ ಮಾಡಬೇಕು ಅನ್ನೋದನ್ನ ದೆಹಲಿ ತೀರ್ಮಾನ ಮಾಡ್ತಿತ್ತು. ಆಮದು ಹೆಚ್ಚುಕಮ್ಮಿ ಬಂದ್. ಹಾಗಾಗಿ ನಮ್ಮ ಅಪ್ಪಂದಿರ ಕಾಲದ 'ಫಾಸ್ಟ್ ಗಾಡಿ'ಗಳ ಪಟ್ಟಿ ಬಹಳ ಚಿಕ್ಕದು. ಅದರಲ್ಲಿ ಮುಖ್ಯವಾದ ಒಂದು ಹೆಸರು ಕರ್ನಾಟಕದ್ದೇ ಅನ್ನೋದು ನಮ್ಮ ಹೆಮ್ಮೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ, ಜಯಚಾಮರಾಜೇಂದ್ರ ಒಡೆಯರ್ ಅವರ ಕೈಯಿಂದ. (ಬೆಂಗಳೂರಿನಲ್ಲಿ ಸ್ಪೇರ್ ಪಾರ್ಟ್ಸ್‌ಗೆ ಎಲ್ಲರೂ ಹೋಗುವ ಜೆಸಿ ರೋಡ್ ಇದೆಯಲ್ಲ, ಅದೂ ಅವರ ಹೆಸರಿನದ್ದೇ. ಯೆಜ್ಡಿ ಹುಟ್ಟಿಗೂ ರಿಪೇರಿಗೂ ಒಬ್ಬರದೇ ಹೆಸರು ನೋಡಿ :) ) ರುಸ್ತುಂ ಮತ್ತು ಫಾರೂಕ್ ಇರಾನಿ ಕಟ್ಟಿದ ಕಂಪನಿ. ಚೆಕೊಸ್ಲೊವಾಕಿಯಾದ ಜಾವಾದಿಂದ ತಂತ್ರಜ್ಞಾನ. ಆ ಜಾವಾ ಹೆಸರಿಗೂ ನಮಗೆ ಗೊತ್ತಿರೋ ಜಾವಾ ದ್ವೀಪಕ್ಕೂ ಸಂಬಂಧ ಇಲ್ಲ. ಸ್ಥಾಪಕ ಯಾನೆಚೆಕ್ ಹೆಸರಿನ ಎರಡಕ್ಷರ, ಅವನು ಕೊಂಡ ವಾಂಡರರ್ ಬೈಕಿನ ಎರಡಕ್ಷರ, ಅಷ್ಟೇ. ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಜಾವಾ ಹೆಸರು ಬಿಟ್ಟು ಯೆಜ್ಡಿ ಆಯ್ತು. ಅದು ಇರಾನಿನ ಯಜ್ದ್ ಊರಿನಿಂದ ಬಂದ ಹೆಸರು. 1978ರಲ್ಲಿ ರೋಡ್‌ಕಿಂಗ್: 250 ಸಿಸಿ, 16 ಅಶ್ವಶಕ್ತಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರೂ ಗೇರೂ ಒಂದೇ ಲಿವರ್. ಮೊದಲ ಸಲ ನೋಡಿದವರು ಗಾಡಿಗೆ ಕಿಕ್ಕರೇ ಇಲ್ಲ ಅಂದುಕೊಳ್ತಾರೆ.

ಇನ್ನೊಂದು ಹೆಸರು ರಾಜದೂತ್ 350, ಎಲ್ಲರ ಬಾಯಲ್ಲಿ ಆರ್‌ಡಿ. ಯಮಾಹಾದ ಆರ್‌ಡಿ350ಬಿಯನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಇಲ್ಲಿ ಮಾಡೋಕೆ ಶುರು ಮಾಡಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರು. ಜಪಾನಿನಲ್ಲಿ 39 ಅಶ್ವಶಕ್ತಿ ಇದ್ದದ್ದನ್ನ ಇಲ್ಲಿನ ಮೈಲೇಜ್ ಚಿಂತೆಗೆ 30.5ಕ್ಕೆ ಇಳಿಸಿದರು. ಅದು 'ಹೈ ಟಾರ್ಕ್'. ಅದೂ ಪೆಟ್ರೋಲ್ ಕುಡಿಯೋದು ಜಾಸ್ತಿ ಅಂತ ಆಮೇಲೆ 27ಕ್ಕೆ ಇಳಿಸಿದ 'ಲೋ ಟಾರ್ಕ್' ಬಂತು. ಮುಂದಿನ ಡಿಸ್ಕ್ ಬ್ರೇಕ್ ತೆಗೆದು ಡ್ರಮ್ ಹಾಕಿದರು. ವೇಗ ಇತ್ತು, ನಿಲ್ಲಿಸೋದೇ ಕಷ್ಟ. 'ರ‍್ಯಾಪಿಡ್ ಡೆತ್' ಅನ್ನೋ ಅಡ್ಡಹೆಸರು ಸುಮ್ಮನೆ ಬಂದಿದ್ದಲ್ಲ. ಸುಮಾರು 18 ಸಾವಿರ ರೂಪಾಯಿ ಆ ಕಾಲಕ್ಕೆ ಸಣ್ಣ ಮೊತ್ತವೂ ಅಲ್ಲ. ಅಷ್ಟರಲ್ಲಿ 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ100, ಅದೇ ವರ್ಷ ಯಮಾಹಾ ಆರ್‌ಎಕ್ಸ್100 ಬಂದವು. ಒಂದು ಲೀಟರಿಗೆ ಎಷ್ಟು ಕೊಡುತ್ತೆ ಅನ್ನೋದೇ ದೇಶದ ಪ್ರಶ್ನೆ ಆಯ್ತು. ಎಂಬತ್ತರ ದಶಕ ಮುಗಿಯೋ ಹೊತ್ತಿಗೆ ಆರ್‌ಡಿ ಕಥೆಯೂ ಮುಗೀತು. ಯೆಜ್ಡಿ ಇನ್ನಷ್ಟು ವರ್ಷ ಎಳೆಯಿತು. ಕಾರ್ಮಿಕರ ಗಲಾಟೆ, ಪೈಪೋಟಿ, ಟೂ ಸ್ಟ್ರೋಕ್ ಹೊಗೆಯ ಮೇಲೆ ಬಂದ ಕಟ್ಟುನಿಟ್ಟಿನ ನಿಯಮ, ಎಲ್ಲ ಸೇರಿ 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ವಿನ್ಸೆಂಟ್ ಅಪರೂಪ ಯಾಕಂದ್ರೆ ಮಾಡಿದ್ದೇ ಕಡಿಮೆ. ಯೆಜ್ಡಿ ಹಾಗಲ್ಲ, ಮೈಸೂರಿನಿಂದ ರಾಶಿ ರಾಶಿ ಬಂದಿದೆ, ಬೀದಿಗೊಂದು ಇತ್ತು. ನಮ್ಮಲ್ಲಿ ಅಪರೂಪ ಆಗಿದ್ದು ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿದ ಯೆಜ್ಡಿ. ಯಾಕಂದ್ರೆ ಇಲ್ಲಿ ಯಾರೂ ಅದನ್ನ ಭಾನುವಾರ ಓಡಿಸೋಕೆ ಕೊಂಡಿರಲಿಲ್ಲ. ಹಾಲಿನ ಕ್ಯಾನು ಹೊತ್ತಿದೆ, ಗೂಡಿನ ಚೀಲ ಹೊತ್ತಿದೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತಿದೆ, ಮದುವೆಗೆ ನಾಲ್ಕು ಜನರನ್ನ ಹೊತ್ತಿದೆ. ಕಂಪನಿ ಮುಚ್ಚಿದ ಮೇಲೆ ಪಾರ್ಟು ಸಿಗದೆ ಲೇಥಿನಲ್ಲಿ ಕಡೆಸಿ ಹಾಕಿದ್ದಾರೆ. 6 ವೋಲ್ಟಿನ ದೀಪ ಮಂಕು ಅಂತ 12 ವೋಲ್ಟ್ ಮಾಡಿಸಿದ್ದಾರೆ. ಜಾವಾದ ಜಿಕೊವ್ ಕಾರ್ಬುರೇಟರ್ ಕೆಟ್ಟರೆ ಕೈಗೆ ಸಿಕ್ಕಿದ್ದು ಹಾಕಿದ್ದಾರೆ. ಯೆಜ್ಡಿ ಆಯಿಲ್‌ಕಿಂಗ್ ಅಂತ ಒಂದು ಮಾಡೆಲ್ ಇತ್ತು, ಪೆಟ್ರೋಲಿಗೆ ಆಯಿಲ್ ಬೆರೆಸೋ ತಾಪತ್ರಯ ಬೇಡ, ಪಂಪೇ ಆಯಿಲ್ ಕೊಡುತ್ತೆ ಅಂತ. ಪಂಪು ಕೈ ಕೊಡೋಕೆ ಶುರುವಾದಾಗ ಮೆಕ್ಯಾನಿಕ್‌ಗಳು ಅದನ್ನ ಕಿತ್ತು ಹಳೇ ಪದ್ಧತಿಗೇ ತಂದರು. ಈಗ ಪಂಪು ಕೆಲಸ ಮಾಡೋ ಆಯಿಲ್‌ಕಿಂಗ್ ಹುಡುಕಿ ನೋಡಿ!

2000ದ ಆಸುಪಾಸಿನಲ್ಲಿ ಇವೆಲ್ಲ ಗುಜರಿ ಮಾಲು. ನಮ್ಮೂರಿನ ಮೆಕ್ಯಾನಿಕ್ ಒಬ್ಬರು, ಎಲ್ಲರೂ ಭಾಯ್ ಅಂತಲೇ ಕರೆಯೋದು, ನಗ್ತಾ ಹೇಳ್ತಾರೆ: "ಆಗ ಯೆಜ್ಡಿ ಕೊಡ್ತೀನಿ ಅಂದ್ರೆ ತಗೋಳೋರು ಇರ್ಲಿಲ್ಲಪ್ಪ. ಅಂಗಡಿ ಮುಂದೆ ಬಿಟ್ಟು ಹೋಗೋರು. ನಾನು ಜಾಗ ಸಾಲಲ್ಲ ಅಂತ ಬೈದು ಕಳಿಸ್ತಿದ್ದೆ. ಈಗ ನೋಡು, ಒಂದು ಹೆಡ್‌ಲೈಟ್ ಡೂಮ್ ಇದೆಯಾ ಅಂತ ಬೆಂಗಳೂರಿಂದ ಫೋನ್ ಬರುತ್ತೆ."

ಬೆಲೆ ಏರಿಸಿದ್ದು ಯಾರು? ನನ್ನ ಅನಿಸಿಕೆ ಕೇಳಿದರೆ, ನನ್ನಂಥವರೇ. 1980ರಲ್ಲಿ ಕಾಲೇಜಿಗೆ ಹೋಗ್ತಾ ಯೆಜ್ಡಿಗೆ ಆಸೆಪಟ್ಟು ದುಡ್ಡಿಲ್ಲದೆ ಸೈಕಲ್ ತುಳಿದವರಿಗೆ ನಲವತ್ತು ದಾಟಿದಾಗ ಕೈಯಲ್ಲಿ ದುಡ್ಡು ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಕೈಗೆ ಆಸೆ ಹುಟ್ಟೋ ಮುಂಚೆಯೇ ದುಡ್ಡು ಬಂತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರು, ಮೈಸೂರಿನಲ್ಲಿ ಸೇರೋಕೆ ಶುರುವಾಯ್ತು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿಯಲ್ಲಿ ಆ ಎರಡು ಸೈಲೆನ್ಸರಿನ ಸದ್ದು ಮತ್ತೆ ಕೇಳೋಕೆ ಶುರುವಾಯ್ತು. 2018ರ ನವೆಂಬರಿನಲ್ಲಿ ಜಾವಾ ಹೆಸರು, 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಗಳ ಮೇಲೆ ವಾಪಸ್ ಬಂತು. ಅವು ತಯಾರಾಗೋದು ಮೈಸೂರಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸದು ನೋಡಿ ಹಳೇದರ ಮೇಲೆ ಜನರಿಗೆ ಮೋಹ ಇನ್ನೂ ಹೆಚ್ಚಾಯ್ತು.

ಆರ್‌ಡಿ ಕಥೆಯಲ್ಲಂತೂ ಏಣಿ ಬಹಳ ಸ್ಪಷ್ಟ. ಹೈ ಟಾರ್ಕ್ ಮೇಲೆ, ಲೋ ಟಾರ್ಕ್ ಕೆಳಗೆ. ಮೊದಮೊದಲ ಗಾಡಿಗಳಲ್ಲಿ ಬಂದ ಜಪಾನಿನ ಬಿಡಿಭಾಗ ಉಳಿದಿದ್ದರೆ ಇನ್ನೊಂದು ಮೆಟ್ಟಿಲು ಮೇಲೆ. ಒಳ್ಳೇ ಆರ್‌ಡಿ ಈಗ ಲಕ್ಷಗಳಲ್ಲೇ ಮಾತು. 1996ರಲ್ಲಿ ನಿಂತುಹೋದ ಆರ್‌ಎಕ್ಸ್100 ನಿಜ ಹೇಳಬೇಕಂದ್ರೆ ಅಪರೂಪವೇ ಅಲ್ಲ, ಆದರೂ ಒಳ್ಳೇದಕ್ಕೆ ಕೇಳುವ ಬೆಲೆ ನೋಡಿದರೆ ತಲೆ ತಿರುಗುತ್ತೆ. ಹರೆಯದಲ್ಲಿ ಯಾರೋ ಆಸೆಪಟ್ಟಿರಬೇಕು, ಆಗ ಮಾತ್ರ ಅಪರೂಪಕ್ಕೆ ಬೆಲೆ. ಐಡಿಯಲ್ ಜಾವಾದವರೇ ಮಾಡಿದ 60 ಸಿಸಿಯ ಜೆಟ್, ಕೋಲ್ಟ್ ಬೈಕುಗಳು ರೋಡ್‌ಕಿಂಗ್‌ಗಿಂತ ಎಷ್ಟೋ ಅಪರೂಪ. ಕೇಳೋರು ಬೆರಳೆಣಿಕೆ.

ಸರಿ, ನಮ್ಮನೆ ಗಾಡಿ ವಿಷಯ. ದೊಡ್ಡಪ್ಪನ 1984ರ ರೋಡ್‌ಕಿಂಗ್. ಕೋಲಾರದಲ್ಲಿ ನೋಂದಣಿ ಆಗಿದ್ದು. ಆಗ ಚಿಕ್ಕಬಳ್ಳಾಪುರ ಜಿಲ್ಲೆ ಇರಲಿಲ್ಲ, ಅದು ಆಗಿದ್ದು 2007ರಲ್ಲಿ. ಕೆಎ ಅನ್ನೋ ನಂಬರೂ ಇರಲಿಲ್ಲ, ಅದು 1989ರ ಜುಲೈನಿಂದ. ಎಂವೈ, ಎಂಇ, ಸಿಎ ಅಂತ ಶುರುವಾಗುವ ಆ ಹಳೇ ನಂಬರ್ ಪ್ಲೇಟಿಗೂ ಈಗ ಒಂದು ಬೆಲೆ ಇದೆಯಂತೆ. ದೊಡ್ಡಪ್ಪ ಅದರ ಹಿಂದೆ ಕಬ್ಬಿಣದ ದೊಡ್ಡ ಕ್ಯಾರಿಯರ್ ವೆಲ್ಡ್ ಮಾಡಿಸಿದ್ದರು, ಗೂಡಿನ ಚೀಲ ಕಟ್ಟೋಕೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಹಳ್ಳಿಯಿಂದ ಮಾರುಕಟ್ಟೆಗೆ ಗೂಡು ಹೊತ್ತಿದೆ. ಬೈಕಿಗೆ ಆಯಿಲ್ ಜೊತೆ ಸೀಮೆಎಣ್ಣೆಯನ್ನೂ ಕುಡಿಸಿದ್ದಾರೆ ಪುಣ್ಯಾತ್ಮ. ಅವರು ತೀರಿಕೊಂಡ ಮೇಲೆ ಕೊಟ್ಟಿಗೆಯಲ್ಲಿ ಚಂದ್ರಂಕಿಗಳ ಹಿಂದೆ ನಿಂತಿತ್ತು.

ಬೆಂಗಳೂರಿನಿಂದ ಒಬ್ಬರು ಕೊಳ್ಳೋಕೆ ಬಂದರು. ಹಳೇ ಗಾಡಿ ಕೊಂಡು, ಸರಿಮಾಡಿ, ಮಾರೋದು ಅವರ ಕಸುಬು. ಗಾಡಿ ನೋಡಿದ ರೀತಿ ನಮ್ಮ ರೀಲರುಗಳ ಥರಾನೇ ಇತ್ತು! ಸೀಟಿನ ಕೆಳಗೆ ಕೈ, ಟ್ಯಾಂಕಿನ ಅಡಿಗೆ ಬೆರಳು, ಟಾರ್ಚ್ ಹಿಡಿದು ಚಾಸಿಯ ಬೆಸುಗೆ. ಪೇಂಟ್ ಎರಡನೇ ಸಲದ್ದು. ಒಂದು ಸೈಲೆನ್ಸರ್ ಡೂಪ್ಲಿಕೇಟ್. ಕ್ಯಾರಿಯರ್ ಬೆಸುಗೆಯಿಂದ ಹಿಂದಿನ ಫ್ರೇಮಿಗೆ ಪೆಟ್ಟು. ಒಂದೊಂದು ಹೇಳಿದಾಗಲೂ ಬೆಲೆ ಇಳೀತಿದೆ ಅಂತ ನಮಗೂ ಗೊತ್ತಾಗ್ತಿತ್ತು. ಕೊನೆಗೆ ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಚಾಸಿ ನಂಬರ್ ಸರಿ, ಎಂಜಿನ್ ನಂಬರ್ ಬೇರೆ.

"ಮ್ಯಾಚಿಂಗ್ ಇಲ್ಲ ಸರ್. ಇದ್ದಿದ್ದರೆ ಡಬಲ್ ಕೊಡ್ತಿದ್ದೆ," ಅಂದರು.

ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ ಆಗ ಬಾಯಿ ಬಿಟ್ಟರು. "ಎಂಜಿನ್ ಸೀಜ್ ಆಗೋಗಿತ್ತು ಕಣಪ್ಪ, ಕಂಪನಿ ಮುಚ್ಚಿ ಎರಡು ವರ್ಷ ಆಗಿತ್ತು. ಪಿಸ್ಟನ್ನೂ ಇಲ್ಲ, ಏನೂ ಇಲ್ಲ. ನಿಮ್ಮ ದೊಡ್ಡಪ್ಪ ಶಿವಾಜಿನಗರದ ಗುಜರಿಗೆ ಹೋಗಿ ಬೇರೆ ಎಂಜಿನ್ನೇ ಹೊತ್ಕೊಂಡು ಬಂದ್ರು. ಒಂದು ಬೆಳೆ ಗೂಡಿನ ದುಡ್ಡು ಪೂರ್ತಿ ಅದಕ್ಕೇ ಹೋಯ್ತು. ಆ ಸಲ ಯುಗಾದಿಗೆ ಯಾರಿಗೂ ಬಟ್ಟೆ ಇಲ್ಲ."

ನಮ್ಮನೆಯಲ್ಲಿ ಈ ಕಥೆ ಎಲ್ಲರಿಗೂ ಗೊತ್ತಿತ್ತಂತೆ, ನನಗೊಬ್ಬನಿಗೆ ಬಿಟ್ಟು. ಬಂದವರು ಪಾಪ ಸುಮ್ಮನೆ ತಲೆ ಆಡಿಸಿದರು. ಅವರ ತಪ್ಪೇನಿಲ್ಲ, ಮಾರುಕಟ್ಟೆಯ ಲೆಕ್ಕ ಹಾಗಿದೆ. ಆದರೆ ನನಗೆ ತಲೆಯಲ್ಲಿ ಕೊರೆಯೋದು ಇದು. ಬ್ಲಾಕ್ ಲೈಟ್ನಿಂಗ್ ಮೇಲೆ ಎಹ್ರೆಟ್ ರೇಸ್ ಓಡಿಸಿ ಗೀರು ಹಾಕಿದರೆ ಅದು ಇತಿಹಾಸ, ಬೆಲೆ ಏರುತ್ತೆ. ನಮ್ಮ ಗಾಡಿಯ ಮೇಲೆ ಗೂಡಿನ ಚೀಲ ಉಜ್ಜಿ ಗೀರು ಬಿದ್ದರೆ ಅದು ಡ್ಯಾಮೇಜು. ಕಾರ್ಖಾನೆ ಮುಚ್ಚಿದ ಮೇಲೂ ಈ ಗಾಡಿಗಳು ಉಳಿದುಕೊಂಡವು ಅಂದ್ರೆ ಅದಕ್ಕೆ ಕಾರಣವೇ ಆ ಗುಜರಿ ಎಂಜಿನ್ನು, ಲೇಥಿನ ಬುಷ್ಷು, ಬೆಸುಗೆ. ಅವೇ ಇಲ್ಲಿ ಬೆಲೆ ಕಳೆಯೋ ಬಾಬ್ತುಗಳು. ಹೊರದೇಶದ ಕೊಟ್ಟಿಗೆಯಲ್ಲಿ ಗಾಡಿ ಬಿಟ್ಟು ಮರೆಯೋಕೆ ಜನಕ್ಕೆ ಇನ್ನೊಂದು ಗಾಡಿ ಇತ್ತು. ನಮ್ಮಲ್ಲಿ ಮಾರನೇ ದಿನ ಬೆಳಿಗ್ಗೆ ಗೂಡು ಮಾರುಕಟ್ಟೆ ಮುಟ್ಟಬೇಕಿತ್ತು.

ಕಾನೂನೂ ಅದೇ ಅಳತೆಗೋಲು ಹಿಡಿದಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನಿಯಮ ತಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ 'ವಿಎ' ಅಂತ ಅಕ್ಷರ ಸಿಗುತ್ತೆ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೈಸೂರಿನ ಮೊದಲ ಜಾವಾಗಳು ಈ ಗೆರೆ ಆಗಲೇ ದಾಟಿವೆ. ನಮ್ಮ ರೋಡ್‌ಕಿಂಗ್‌ಗೆ 50 ತುಂಬೋದು 2034ಕ್ಕೆ. ತುಂಬಿದರೂ ಎಂಜಿನ್ ವಿಷಯದಲ್ಲಿ ಅಡ್ಡಿ ಬರಬಹುದು. ಸಾಮಾನ್ಯ ಗಾಡಿಯಾಗಿ ಇಟ್ಟುಕೊಳ್ಳೋಣ ಅಂದ್ರೆ ಹದಿನೈದು ವರ್ಷ ದಾಟಿದ ಬೈಕಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 300 ಇದ್ದದ್ದು 1,000 ಆಯ್ತು. ಇಪ್ಪತ್ತು ದಾಟಿದ್ದಕ್ಕೆ 2025ರಲ್ಲಿ 2,000 ಆಯ್ತು. ಗುಜರಿಗೆ ಹಾಕಿ ಅಂತ ಮೆಲ್ಲಗೆ ತಳ್ಳೋ ಥರ.

ಪೂರ್ತಿ ರಿಸ್ಟೋರ್ ಮಾಡಿಸು ಅಂತ ಆಫೀಸಿನ ಗೆಳೆಯರು ಹೇಳ್ತಾರೆ. ಕ್ಯಾರಿಯರ್ ಕತ್ತರಿಸಿ, ಕ್ರೋಮ್ ಹಾಕಿಸಿ, ಪೌಡರ್ ಕೋಟಿಂಗ್ ಮಾಡಿಸಿದರೆ ಫೋಟೋಗೆ ಚೆನ್ನಾಗಿ ಕಾಣುತ್ತೆ ನಿಜ. ನಾನು ನೋಡಿದ ಅಂಥ ಯೆಜ್ಡಿಗಳು ಮೈಸೂರಿನ ಫ್ಯಾಕ್ಟರಿಯಿಂದ ಬಂದಾಗ ಇದ್ದದ್ದಕ್ಕಿಂತಲೂ ಜಾಸ್ತಿ ಹೊಳೀತವೆ. ನನಗ್ಯಾಕೋ ಅದು ಅಜ್ಜನಿಗೆ ತಲೆಗೂದಲು ಕಪ್ಪು ಮಾಡಿಸಿ ಕೂರಿಸಿದ ಹಾಗೆ ಕಾಣುತ್ತೆ.

ಸದ್ಯಕ್ಕೆ ಮಾರಿಲ್ಲ. ದೊಡ್ಡಮ್ಮನ ಹೆಸರಿಗೆ ವರ್ಗ ಮಾಡಿಸೋಕೆ ಫಾರಂ 31, ಎಂಜಿನ್ ಬದಲಾಗಿದ್ದನ್ನ ಆರ್‌ಸಿಯಲ್ಲಿ ಬರೆಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅರ್ಜಿ, ಎರಡೂ ಸಿದ್ಧ ಮಾಡ್ತಿದ್ದೀನಿ. ಆ ಎಂಜಿನ್ ಎಲ್ಲಿಂದ ಬಂತು ಅನ್ನೋದಕ್ಕೆ ರಸೀತಿ ಬೇಕು. ದೊಡ್ಡಪ್ಪ ಗೂಡು ಮಾರಿದ ಚೀಟಿಗಳನ್ನೆಲ್ಲ ಒಂದು ಟ್ರಂಕಿನಲ್ಲಿ ಕಟ್ಟಿಟ್ಟಿದ್ದಾರೆ. ಮುಂದಿನ ಶನಿವಾರ ಊರಿಗೆ ಹೋದಾಗ ಅದನ್ನ ಬಿಚ್ಚಿ ಹುಡುಕಬೇಕು. ಕ್ಯಾರಿಯರ್ ಹಾಗೇ ಇರುತ್ತೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ರೋಡ್‌ಕಿಂಗಿನ ಎಡಗಡೆ ಸೈಲೆನ್ಸರ್, ಕಂಪನಿಯದ್ದೇ, ತೂತು ಬಿದ್ದಿದ್ದರೂ ಪರವಾಗಿಲ್ಲ, ಇದ್ದರೆ ತಿಳಿಸಿ.